ಮಾರಿ ಕಡೆ, ಬಾಲದ ಕಡೆ

ಹುಕ್ಕೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಪ್ರತಿ ವರ್ಷ ಒಂದು ಪಾಠ ಬಂದ ಕೂಡಲೇ ನನ್ನ ಧಾಟಿ ನಿಧಾನವಾಗುತ್ತಿತ್ತು. ಪ್ರಾಣಿಯ ಮೈಯ ದಿಕ್ಕುಗಳನ್ನು ಹೇಳುವ ಪಾಠ ಅದು. ತಲೆಯ ಕಡೆಗಿರುವ ಭಾಗಕ್ಕೆ ಒಂದು ಹೆಸರು, ಬಾಲದ ಕಡೆಗಿರುವ ಭಾಗಕ್ಕೆ ಇನ್ನೊಂದು. ಬಾಲದ ಕಡೆಯದಕ್ಕೆ ಪುಸ್ತಕದವರು ಕಾಡಲ್ ಅನ್ನುತ್ತಿದ್ದರು. ಹಿಂದಿನ ಬೆಂಚಿನ ಹುಡುಗರು ಒಬ್ಬರನ್ನೊಬ್ಬರು ತಿವಿದು ಮುಸಿಮುಸಿ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಆ ಶಬ್ದ ಕಲಿಯುವುದಕ್ಕಿಂತ ಎಷ್ಟೋ ಮೊದಲೇ ಅಂಥ ದಿಕ್ಕುಗಳ ಮನೆಯಲ್ಲಿ ಬೆಳೆದವಳು ನಾನು. ಪೂರ್ವ, ಪಶ್ಚಿಮ ಎಲ್ಲ ನಮ್ಮಲ್ಲಿ ಪಂಚಾಂಗ ನೋಡುವವರ ಮಾತು. ಮನೆಯೊಳಗೆ ಇದ್ದದ್ದು ಎರಡೇ ದಿಕ್ಕು. ಒಂದು ಎತ್ತುಗಳ ಮುಖವಿದ್ದ ಮಾರಿ ಕಡೆ, ಇನ್ನೊಂದು ಬಾಲದ ಕಡೆ. ಬಿಂದಿಗೆ ಎಲ್ಲಿದೆ ಎಂದರೆ ಬಾಲದ ಕಡೆ, ಚಿಮಣಿ ದೀಪ ಎಲ್ಲಿದೆ ಎಂದರೆ ಮಾರಿ ಕಡೆ.

ಹುಕ್ಕೇರಿಗೂ ಘಟಪ್ರಭೆಗೂ ನಡುವಿನ ಒಂದು ಸಣ್ಣ ಊರು ನಮ್ಮದು. ತಲೆಬಾಗಿಲು ದಾಟಿದರೆ ತಗ್ಗಿನಲ್ಲಿ ದನದ ಮನೆ. ಅದರ ಎಡಕ್ಕೆ ಮೂರು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ. ಮೇವು ಹಾಕುವ ಗೋದಲಿಯನ್ನು ಪಡಸಾಲೆಯ ಅಂಚಿಗೇ ಕಟ್ಟಿದ್ದರಿಂದ ಎರಡೂ ಎತ್ತುಗಳು ಯಾವಾಗಲೂ ಪಡಸಾಲೆಗೆ ಮುಖ ಮಾಡಿಕೊಂಡು ನಿಂತಿರುತ್ತಿದ್ದವು. ಅಜ್ಜನ ಹಾಸಿಗೆ, ಬೀಜ ತುಂಬಿಡುವ ಹಗೇವು, ಬಂದವರಿಗೆ ಹಾಸುವ ಕಂಬಳಿ ಎಲ್ಲ ಅಲ್ಲಿ. ಎತ್ತುಗಳ ಬೆನ್ನ ಹಿಂದೆ, ಗೋಡೆಗೂ ಅವಕ್ಕೂ ನಡುವೆ ಎರಡು ಮೊಳ ಜಾಗ. ಅಡುಗೆ ಮನೆಗೆ, ಬಚ್ಚಲಿಗೆ, ಹಿತ್ತಲಿಗೆ ಹೋಗುವ ದಾರಿ ಅದೇ. ಗಂಡಸರು ಎತ್ತುಗಳ ಮುಖ ನೋಡಿಕೊಂಡು ಬದುಕಿದರು, ನಾವು ಹಿಂದಿನಿಂದ ನೋಡಿಕೊಂಡು ಬದುಕಿದೆವು. ಇದನ್ನು ದೂರು ಎಂದು ಹೇಳುತ್ತಿಲ್ಲ. ಮನೆ ಕಟ್ಟಿದ್ದೇ ಹಾಗೆ.

ಮನೆಯಲ್ಲಿ ಇದ್ದವರು ನಾಲ್ಕೇ ಮಂದಿ. ಅಜ್ಜ, ಅವ್ವ, ಅಪ್ಪನ ತಮ್ಮ ಭೀಮಕಾಕಾ, ನಾನು. ಅಪ್ಪ ಪಲ್ಟನ್ನಿನಲ್ಲಿದ್ದ, ವರ್ಷಕ್ಕೊಮ್ಮೆ ಟ್ರಂಕು ಹೊತ್ತುಕೊಂಡು ಬರುತ್ತಿದ್ದ, ನೆಂಟರ ಹಾಗೆ ಉಂಡು ಹೋಗುತ್ತಿದ್ದ. ಅಜ್ಜ ಮತ್ತು ಕಾಕಾ ಪಡಸಾಲೆಯಲ್ಲಿ ಉಣ್ಣುತ್ತಿದ್ದರು. ಬಿಸಿ ರೊಟ್ಟಿ, ಝುಣಕ, ಉಳ್ಳಾಗಡ್ಡಿ, ಮಜ್ಜಿಗೆ. ಅವರದಾದ ಮೇಲೆ ಅವ್ವ ಮತ್ತು ನಾನು ಅಡುಗೆ ಮನೆಯ ಹೊಸ್ತಿಲ ಬಳಿ, ಬಾಲದ ಕಡೆ ಕೂಡುತ್ತಿದ್ದೆವು. ನೊಣ ಹೆಚ್ಚಾದ ದಿನ ಎತ್ತುಗಳು ಬಾಲ ಬೀಸಿದರೆ ಸಗಣಿಯ ಹನಿ ತಾಟಿಗೆ ಹಾರುತ್ತಿತ್ತು. ಅದಕ್ಕೆ ಅವ್ವ ತಾಟನ್ನು ಸೆರಗಿನಡಿ ಇಟ್ಟುಕೊಂಡು ಉಣ್ಣುತ್ತಿದ್ದಳು, ಕದ್ದು ಉಣ್ಣುವವಳಂತೆ. ಮಾವನ ಜೊತೆ ನೇರ ಮಾತಾಡುವ ಪದ್ಧತಿ ಇರಲಿಲ್ಲವಾದ್ದರಿಂದ ಅವಳು ಹೇಳಬೇಕಾದ್ದನ್ನೆಲ್ಲ ಎತ್ತಿಗೆ ಹೇಳುತ್ತಿದ್ದಳು.

"ರಾಜ್ಯಾ, ರೊಟ್ಟಿ ಆಗ್ಯಾವ ಅಂತ ಹೇಳಪಾ."

ಎತ್ತಿನ ಆ ತುದಿಯಲ್ಲಿ ಅಜ್ಜ ಕೆಮ್ಮಿ ಎದ್ದು ಕೈ ತೊಳೆಯುತ್ತಿದ್ದ. ಬಾಲದ ಕಡೆ ಹೇಳಿದ್ದು ಎತ್ತಿನ ಮೈಯೊಳಗಿಂದ ಮಾರಿ ಕಡೆ ಹೊರಬೀಳುತ್ತದೆ ಎಂದು ನಾನು ಎಷ್ಟೋ ದಿನ ನಂಬಿದ್ದೆ.

ಎತ್ತುಗಳ ಹೆಸರು ರಾಜ್ಯಾ ಮತ್ತು ಸೋಮ್ಯಾ. ಬಿಳಿ ಖಿಲಾರಿ ತಳಿಯ ಜೋಡಿ. ಅಜ್ಜನಿಗೆ ಅವುಗಳ ಬಗ್ಗೆ ಒಂದು ಕಟ್ಟಳೆ ಇತ್ತು: ಈ ಮನೆಯವರು ಯಾರೂ ಎತ್ತಿನ ಬಾಲ ತಿರುವಬಾರದು. ಬೇರೆಯವರು ತಿರುವುತ್ತಿದ್ದರು. ಗಾಡಿ ಏರಿನಲ್ಲಿ ನಿಂತರೆ, ಕೆಸರಿನಲ್ಲಿ ಸಿಕ್ಕರೆ ಮುಂದೆ ಕೂತವನು ಕೈ ಚಾಚಿ ಬಾಲ ಹಿಡಿದು ಹಿಂಡಿದರೆ ಎತ್ತು ನೋವಿಗೆ ಹಾರಿ ಎಳೆಯುತ್ತದೆ. ಹಾಗೆ ತಿರುವಿ ತಿರುವಿ ಬಾಲದ ಸಣ್ಣ ಎಲುಬು ಮುರಿದು ಗಂಟು ಬೀಳುತ್ತದೆ. ಹುಕ್ಕೇರಿ ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡಿದ ಮೇಲೆ ಬಾಲವನ್ನು ಬುಡದಲ್ಲಿ ಮುಷ್ಟಿಯೊಳಗೆ ಹಿಡಿದು ತುದಿಯ ಕುಚ್ಚಿನವರೆಗೆ ಜಾರಿಸುತ್ತಿದ್ದರು. ಎಲ್ಲಾದರೂ ಗಂಟು ಕೈಗೆ ಸಿಕ್ಕರೆ ಮುಗಿಯಿತು. ತಿರುವದೆ ಎಳೆಯದ ಎತ್ತು ಇದು, ಮೈಗಳ್ಳ ಎಂದು ಅರ್ಥ. ಗಂಟು ಎತ್ತಿನ ಮೈಮೇಲಿದ್ದರೂ ಮಾತು ಒಕ್ಕಲಿಗನ ಮೇಲೆ ಬರುತ್ತಿತ್ತು. ಅಜ್ಜ ದಿನಾ ಸಂಜೆ ಎರಡೂ ಎತ್ತುಗಳ ಮೈಮೇಲೆ ಕೊಂಬಿನಿಂದ ಹಿಡಿದು ಕೈಯಾಡಿಸುತ್ತ ಬರುತ್ತಿದ್ದ. ಕೊನೆಗೆ ಬಾಲದ ಬಳಿ ಬಂದಾಗ ಹೆಬ್ಬೆರಳಿನಿಂದ ಎಲುಬಿನ ಮಣಿಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದ. ಅವನು ನಮ್ಮ ಕಡೆಗೆ ಬಂದು ನಿಲ್ಲುತ್ತಿದ್ದದ್ದು ದಿನಕ್ಕೆ ಅದೊಂದೇ ಸಲ.

ಕಾಕಾನಿಗೆ ಆಗ ಇಪ್ಪತ್ತೋ ಇಪ್ಪತ್ತೆರಡೋ. ಸಣ್ಣ ಮೀಸೆ, ದೊಡ್ಡ ನಗು. ಗಾಡಿ ಹೂಡಿದರೆ ಬಾರಕೋಲನ್ನು ಕೈಯಲ್ಲಿ ಹಿಡಿಯುತ್ತಲೇ ಇರಲಿಲ್ಲ, ಗಾಡಿಯ ಗೂಟಕ್ಕೆ ಸಿಕ್ಕಿಸಿ ಬಿಡುತ್ತಿದ್ದ. ನಾಲಿಗೆಯಿಂದ ಒಂದು ಚಟಕಾರ ಹಾಕಿದರೆ ಎತ್ತುಗಳು ಹೊರಡುತ್ತಿದ್ದವು. ನನಗೆ ಒಂಬತ್ತು ವರ್ಷ, ಆ ಚಟಕಾರ ಕಲಿಯಬೇಕೆಂಬ ಒಂದೇ ಹುಚ್ಚು. ಗಾಡಿ ಹೊಡೆಯುವುದು ಹೆಣ್ಣು ಹುಡುಗಿಯರ ಕೆಲಸವಲ್ಲ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಬೇಕಾದಷ್ಟು ಅನುಮಾನವೇ ಯಾರಿಗೂ ಬಂದಿರಲಿಲ್ಲ.

ಶಿವರಾತ್ರಿ ಹತ್ತಿರ ಬಂದಿದ್ದ ಒಂದು ದಿನ ಕಾಕಾ ಕಬ್ಬಿನ ಬೀಜ ತರಲು ಧುಪದಾಳದ ಕಡೆ ಗಾಡಿ ಹೂಡಿದ. ನಾನು ಅತ್ತು ಕರೆದು ಜೊತೆಗೆ ಹೋದೆ. ಬೀಜ ಹೇರಿಕೊಂಡು ಬರುವಾಗ ಹೊಳೆಗೆ ಕಟ್ಟಿದ ಒಡ್ಡಿನ ಬಳಿ ಗಾಡಿ ನಿಲ್ಲಿಸಿ, ಮುಖ ತೊಳೆದು ಬರುತ್ತೇನೆ ಎಂದು ಕಾಕಾ ನೀರಿಗಿಳಿದ. ಅಲ್ಲಿ ಯಾರೋ ಗುರುತಿನವರು ಸಿಕ್ಕರು, ಮಾತು ಬೆಳೆಯಿತು. ಒಡ್ಡಿನ ಮೇಲಿಂದ ನೀರು ಧುಮುಕುವ ಸಪ್ಪಳದಲ್ಲಿ ಅವರ ಮಾತು ಕೇಳಿಸುತ್ತಿರಲಿಲ್ಲ, ಕೈ ಆಡುವುದಷ್ಟೇ ಕಾಣುತ್ತಿತ್ತು. ಗಾಡಿ ಬಿಸಿಲಲ್ಲಿ ನಿಂತಿತ್ತು. ಹತ್ತು ಮಾರು ಮುಂದೆ ಒಂದು ಬೇವಿನ ಮರ. ಕಾಕಾ ತಿರುಗಿ ನೋಡುವಷ್ಟರಲ್ಲಿ ಗಾಡಿ ನೆರಳಲ್ಲಿರಬೇಕು, ಯಾರು ಹೊಡೆದರು ಎಂದು ಅವನು ಬಾಯಿ ತೆರೆಯಬೇಕು ಎಂದುಕೊಂಡೆ. ಮುಂದೆ ಸರಿದು ಅವನ ಜಾಗದಲ್ಲಿ ಕೂತೆ. ಚಟಕಾರ ಹಾಕಿದೆ. ಎತ್ತುಗಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಮತ್ತೆ ಹಾಕಿದೆ, ನಾಲಿಗೆ ನೋಯುವವರೆಗೆ. ಆಮೇಲೆ ಬೇರೆ ಗಾಡಿಯವರು ಮಾಡುತ್ತಿದ್ದದ್ದು ನೆನಪಾಯಿತು. ರಾಜ್ಯಾನ ಬಾಲ ಕೈಗೆ ಎಟಕುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಬಲಕ್ಕೆ ತಿರುವಿದೆ. ಹಸಿ ಬೆಂಡೆಕಾಯಿ ಮುರಿದಂತೆ ಕಟಕ್ ಎಂದಿತು. ರಾಜ್ಯಾ ಒದೆಯಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ನಿಂತು ಕತ್ತು ಹೊರಳಿಸಿ ನನ್ನನ್ನು ನೋಡಿತು. ಕಾಕಾ ಓಡಿ ಬಂದ.

"ಗಾಡಿ ಹೆಂಗ ಸರೀತು ನೀಲಾ?"

"ಅವ ತಾವ ಸರದೂ."

"ಬಿಸಲಾಗೈತಿ ಪಾಪ, ಅವಕ್ಕೂ ತಿಳೀತೈತಿ," ಎಂದ ಕಾಕಾ. ರಾಜ್ಯಾನ ಬೆನ್ನು ತಟ್ಟಿ ಹತ್ತಿ ಕೂತ.

ಆ ಸಂಜೆ ಅಜ್ಜನ ಕೈ ಬಾಲದ ಅರ್ಧಕ್ಕೆ ಬಂದಾಗ ರಾಜ್ಯಾ ಚರ್ಮ ಕಂಪಿಸಿ ಪಕ್ಕಕ್ಕೆ ಸರಿಯಿತು. ಅಜ್ಜ ಚಿಮಣಿ ತರಿಸಿದ. ಬಾತಿತ್ತು. ಬಾತ ಜಾಗದಿಂದ ಕೆಳಗಿನ ತುಂಡು ಬಲಕ್ಕೆ ಹೊರಳಿತ್ತು. ನಾನು ಹೊಸ್ತಿಲಲ್ಲಿ ನಿಂತಿದ್ದೆ, ಅವರಿಂದ ನಾಲ್ಕು ಮೊಳ ದೂರ.

"ಭೀಮ್ಯಾ, ಇಲ್ಲಿ ಬಾ. ಕೈ ಇಡು ಇಲ್ಲಿ."

"ಏನಾಗೇತಿ ಯಪ್ಪಾ?"

"ನನ್ನ ಕೇಳ್ತೀ? ಇವತ್ತ ಗಾಡಿ ಹೊಡದಾಂವ ನೀನೋ ನಾನೋ?"

"ನಾನ. ಆದ್ರ ಬಾಲಕ್ಕ ಕೈ ಹಚ್ಚಿಲ್ಲ ನಾ. ಗೋದಲಿ ಮುಟ್ಟಿ ಹೇಳ್ತೇನಿ."

"ಮುಟ್ಟಬ್ಯಾಡ! ಗೋದಲಿ ಮುಟ್ಟಿ ಸುಳ್ಳ ಹೇಳಬ್ಯಾಡ. ನಿನ್ನಿ ಸಂಜೀತನಕ ಬಾಲ ಸರಳ ಇತ್ತು."

"ಸುಳ್ಳ ಯಾಕ ಹೇಳ್ಲಿ? ನೀಲಾ ಗಾಡ್ಯಾಗ ಇದ್ಲು. ಆಕೀನ್ನ ಕೇಳು ಬೇಕಾದ್ರ."

ಅಜ್ಜ ಚಿಮಣಿಯನ್ನು ನನ್ನ ಕಡೆ ತಿರುಗಿಸಿದ.

"ಏನವಾ ನೀಲಾ, ನಿಮ್ಮ ಕಾಕಾ ಬಾಲ ತಿರುವಿದ್ನೇನು?"

"ನಾ ನೋಡಿಲ್ಲ."

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಇಲ್ಲ ಎಂದಿದ್ದರೆ ಸಾಕಿತ್ತು, ಕಾಕಾ ಉಳಿಯುತ್ತಿದ್ದ. ನೋಡಿಲ್ಲ ಎಂದದ್ದರಿಂದ ಅವನು ನನ್ನ ಕಣ್ಣು ತಪ್ಪಿಸಿ ಮಾಡಿದ್ದಾನೆ ಎಂದಾಯಿತು. ಕಾಕಾ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ, ಇನ್ನೇನಾದರೂ ಹೇಳುತ್ತಾಳೇನೋ ಎಂದು ಕಾಯುವವನಂತೆ. ನಾನು ಅವ್ವನ ಸೀರೆಯ ಹಿಂದೆ ಸರಿದೆ.

ಅಜ್ಜ ಹೊಡೆಯುವ ಮನುಷ್ಯನಲ್ಲ. ಅವನ ಶಿಕ್ಷೆ ಬೇರೆ ಥರ. ಮರುದಿನದಿಂದ ಕಾಕಾ ಎತ್ತಿನ ಹಗ್ಗ ಮುಟ್ಟುವಂತಿಲ್ಲ, ಪಡಸಾಲೆಯಲ್ಲಿ ಉಣ್ಣುವಂತಿಲ್ಲ. ತಪ್ಪು ಒಪ್ಪಿಕೊಳ್ಳುವವರೆಗೆ ಬಾಲದ ಕಡೆ ಕೂತು ಉಣ್ಣಲಿ ಎಂದ. ಮೀಸೆ ಬಂದ ಮಗ ಹೆಂಗಸರ ಜೊತೆ ಹೊಸ್ತಿಲಲ್ಲಿ ಕೂತು ರೊಟ್ಟಿ ಮುರಿಯುವುದನ್ನು ಊರವರು ಬಾಗಿಲಿಂದಲೇ ನೋಡಬಹುದಿತ್ತು, ನೋಡಿದರು ಕೂಡ. ಮೊದಲ ದಿನ ಕಾಕಾ ನಗಲು ನೋಡಿದ. "ವೈನಿ, ಇಷ್ಟ ದಿನಾ ಇಲ್ಲಿ ಕುಂತು ಹೆಂಗ ಉಂಡ್ರಿ?" ಎಂದು ಅವ್ವನನ್ನು ಕೇಳಿದ. ಅವ್ವ ಅವನ ತಾಟಿಗೆ ಸೆರಗು ಅಡ್ಡ ಹಿಡಿದಳು. ಹನ್ನೊಂದು ದಿನ ಕಾಕಾ ನನ್ನ ಪಕ್ಕದಲ್ಲಿ ಕೂತು ಉಂಡ. ನನ್ನ ಗಂಟಲಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಇಳಿಯುತ್ತಿತ್ತು. ಮೊದಲಿನಂತೆಯೇ ಎರಡು ರೊಟ್ಟಿ ತಿನ್ನುತ್ತಿದ್ದೆ. ಹೆದರಿಕೆ ಹೊಟ್ಟೆಗೆ ಹತ್ತಿರಲಿಲ್ಲ, ನಾಲಿಗೆಗೆ ಮಾತ್ರ ಹತ್ತಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಕಾಕಾ ಒಂದು ಚೀಲದಲ್ಲಿ ಅಂಗಿ ಧೋತರ ತುಂಬಿಕೊಂಡು ಹೊರಟ. ಗೋಕಾಕದ ಕಡೆ ಒಂದು ನೂಲಿನ ಗಿರಣಿಯಲ್ಲಿ ಕೆಲಸ ನೋಡಿಕೊಂಡಿದ್ದ. ಅಜ್ಜ ಪಡಸಾಲೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ, ತಲೆ ಎತ್ತಲಿಲ್ಲ. ಕಾಕಾ ಬಾಗಿಲಲ್ಲಿ ನಿಂತು ನನ್ನನ್ನು ಕರೆದ.

"ರಾಜ್ಯಾನ ಬಾಲಕ್ಕ ದಿನಾ ಎಣ್ಣಿ ಹಚ್ಚವಾ. ಮಾಡ್ತೀಯಿಲ್ಲ?"

ಮಾಡುತ್ತೇನೆ ಎಂದೆ. ಮಾಡಿದೆ ಕೂಡ. ಬಾವು ಇಳಿಯಿತು, ಗಂಟು ಉಳಿಯಿತು. ಮುರಿದ ಮಣಿ ಎಷ್ಟನೆಯದು ಎಂದು ಕತ್ತಲೆಯಲ್ಲೂ ಹೇಳಬಲ್ಲವಳಾದೆ.

ಮಳೆ ಬಿದ್ದ ಮೇಲೆ ಮನೆಯ ಸ್ಥಿತಿ ಬಯಲಾಯಿತು. ಬಿತ್ತನೆಗೆ ಅಜ್ಜ ಒಬ್ಬನೇ ಕೂರಿಗೆ ಹೂಡಿದ. ಬೀಜ ಬಿಡಲು ಅವ್ವ ಹಿಂದೆ ನಡೆದಳು. ಹೊಲದಿಂದ ಬಂದ ಅಜ್ಜ ಮೂರು ಮೆಟ್ಟಿಲು ಹತ್ತಲು ಗೋದಲಿ ಹಿಡಿಯುತ್ತಿದ್ದ. ಒಂದು ವಾರ ಹುಕ್ಕೇರಿ ಸಂತೆಗೆ ಗಾಡಿ ಕಟ್ಟಿದಾಗ ಗುರುತಿನ ಒಬ್ಬ ದನದ ವ್ಯಾಪಾರಿ ಸುಮ್ಮನೆ ಅಭ್ಯಾಸಕ್ಕೆ ರಾಜ್ಯಾನ ಬಾಲದ ಮೇಲೆ ಮುಷ್ಟಿ ಜಾರಿಸಿ ನಕ್ಕನಂತೆ.

"ಏನ್ರಿ ಯಜಮಾನ್ರ, ನಿಮ್ಮ ಎತ್ತಿಗೂ ಗಂಟ ಬಿತ್ತಲ್ರಿ!"

ಅಜ್ಜ ಸಂತೆ ಮಾಡದೆ ಗಾಡಿ ತಿರುಗಿಸಿದ. ಆ ದಿನ ಅವ್ವ ಎತ್ತಿಗೆ ಹೇಳಿದ ಮಾತು ರೊಟ್ಟಿಯದಲ್ಲ.

"ರಾಜ್ಯಾ, ಮಗನ್ನ ಹೊರಗ ಹಾಕಿದವ್ರಿಗೆ ಊಟ ಹೆಂಗ ರುಚಿ ಹತ್ತತೈತಿ ಕೇಳಪಾ."

ಅವತ್ತು ಅಜ್ಜ ಉಣ್ಣಲಿಲ್ಲ.

ನಾಗರ ಪಂಚಮಿ ಬಂತು. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು. ಪ್ರತಿ ವರ್ಷ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದವನು ಕಾಕಾ. ಆ ವರ್ಷ ಹಗ್ಗ ಹಾಗೇ ಗೂಟಕ್ಕೆ ತೂಗುತ್ತಿತ್ತು. ನನಗೆ ಅಳು ಬಂದದ್ದು ಜೋಕಾಲಿಗೋ ಕಾಕಾನಿಗೋ, ಈಗ ಬೇರೆ ಮಾಡಿ ಹೇಳಲಾರೆ. ಸೀದಾ ಪಡಸಾಲೆಯ ಮೆಟ್ಟಿಲು ಹತ್ತಿ ಅಜ್ಜನ ಮುಂದೆ ನಿಂತೆ.

"ಅಜ್ಜಾ, ರಾಜ್ಯಾನ ಬಾಲ ತಿರುವಿದಾಕಿ ನಾನ."

"ಏನಂದಿ?"

"ಒಡ್ಡಿನ ಕಡೆ. ಕಾಕಾ ಮಾರಿ ತೊಳಕೊಳ್ಳಾಕ ಹೋಗಿದ್ದಾ. ನಾ ಎರಡೂ ಕೈಲೆ ತಿರುವಿದ್ನಿ. ಕಟಕ್ ಅಂತು."

"ಯಾರ ಹೇಳಿಕೊಟ್ರು ನಿನಗ ಹಿಂಗ ಹೇಳಂತ? ನಿಮ್ಮವ್ವೇನು?"

"ಯಾರೂ ಇಲ್ಲ. ನಾನ ತಿರುವಿದ್ನಿ."

"ಹೆಣ್ಣ ಹುಡುಗಿ ಎತ್ತಿನ ಬಾಲಕ್ಕ ಕೈ ಹಾಕೂದಂದ್ರೇನ! ಒದ್ದಿದ್ರ ಹಲ್ಲ ಉಳೀತಿದ್ವೇನ ನಿನ್ನೂ?"

"ರಾಜ್ಯಾ ಒದೀಲಿಲ್ಲ."

ಅಜ್ಜ ಹಗ್ಗ ಕೆಳಗಿಟ್ಟು ಎದ್ದ. ನನ್ನ ರಟ್ಟೆ ಹಿಡಿದು ಬಾಲದ ಕಡೆಗೆ ಕರೆದುಕೊಂಡು ಬಂದ. ಸೋಮ್ಯಾನ ಬಾಲ ಎತ್ತಿ ನನ್ನ ಕೈಗೆ ಕೊಟ್ಟ.

"ಹಂಗಾರ ತೋರ್ಸು. ಹೆಂಗ ತಿರುವಿದಿ ನೋಡೂಣು."

ಬಾಲ ಬಿಸಿಯಾಗಿತ್ತು. ಚರ್ಮದೊಳಗೆ ಮಣಿಗಳು ಒಂದರ ಹಿಂದೊಂದು ನೆಟ್ಟಗೆ ಇಳಿದು ಹೋಗಿದ್ದವು. ಎಲ್ಲಿ ಹಿಡಿಯಬೇಕು, ಎಷ್ಟು ಬಲ ಹಾಕಬೇಕು, ಎಲ್ಲ ಗೊತ್ತಿತ್ತು. ಒಮ್ಮೆ ತಿರುವಿದ್ದರೆ ನನ್ನ ಮಾತು ನಿಜವಾಗುತ್ತಿತ್ತು. ಆ ಕಟಕ್ ನೆನಪಾಯಿತು. ಬಾಲ ಬಿಟ್ಟೆ. ಅಜ್ಜ ನಕ್ಕ, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನನ್ನನ್ನು ಎತ್ತಿಕೊಂಡು, ಜೀವಮಾನದಲ್ಲಿ ಮೊದಲ ಸಲ ಅಡುಗೆ ಮನೆಗೆ ಕೇಳುವಂತೆ ಎತ್ತಿನ ಜೊತೆ ತಾನೇ ಮಾತಾಡಿದ.

"ಸೋಮ್ಯಾ, ಒಳಗಿನವ್ರಿಗೆ ಹೇಳು. ಕಾಕಾನ ಸಲುವಾಗಿ ಈ ಹುಡುಗಿ ತಪ್ಪ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತೈತಿ. ಇದರ ಮುಂದ ನಂದೇನ ಹಟ?"

ಅದೇ ಮಧ್ಯಾಹ್ನ ಬಸ್ಸು ಹಿಡಿದು ಗೋಕಾಕಕ್ಕೆ ಹೋದ. ಮರುದಿನ ಕಾಕಾನನ್ನು ಕರೆದುಕೊಂಡೇ ಬಂದ. ಕಾಕಾ ಬಡವಾಗಿದ್ದ, ತಲೆಗೂದಲಲ್ಲಿ ಹತ್ತಿಯ ಎಳೆ ಇನ್ನೂ ಅಂಟಿಕೊಂಡಿತ್ತು. ದಾರಿಯಲ್ಲೇ ಎಲ್ಲ ಕೇಳಿದ್ದನೇನೋ, ಬಂದವನೇ ನನ್ನ ತಲೆ ಮೇಲೆ ಕೈಯಿಟ್ಟ. ಅಜ್ಜ ಪಡಸಾಲೆಯಲ್ಲಿ ನಿಂತು ಹೇಳಿದ.

"ಆದದ್ದು ಆತು. ನಾ ಮನಸಿನಾಗ ಇಟ್ಕೊಂಡಿಲ್ಲ. ಮ್ಯಾಲ ಬಾ."

ಕಾಕಾ ಮೆಟ್ಟಿಲ ಬಳಿ ನಿಂತೇ ಇದ್ದ. ಈಗ ಮತ್ತೆ ಇಲ್ಲ ಅನ್ನುತ್ತಾನೆ, ಮತ್ತೆ ಚೀಲ ಹಿಡಿಯುತ್ತಾನೆ ಎಂದು ನನಗೆ ಜೀವ ಹೋದಂತಾಯಿತು. ಅವನು ಅಜ್ಜನ ಮೊಣಕಾಲು ನೋಡಿದ, ಗೋದಲಿ ಹಿಡಿದಿದ್ದ ಕೈ ನೋಡಿದ.

"ತಪ್ಪಾತು ಯಪ್ಪಾ," ಎಂದ.

ಅವತ್ತಿನ ಊಟಕ್ಕೆ ಅಜ್ಜ ನನ್ನನ್ನೂ ಪಡಸಾಲೆಯಲ್ಲಿ ತನ್ನ ಪಕ್ಕಕ್ಕೆ ಕೂಡಿಸಿಕೊಂಡ. ನಮ್ಮ ಮನೆಯಲ್ಲಿ ಮಾರಿ ಕಡೆ ಕೂತು ಉಂಡ ಮೊದಲ ಹೆಣ್ಣು ನಾನು. ರಾಜ್ಯಾನ ಮುಖ ಅಷ್ಟು ಹತ್ತಿರದಿಂದ ಊಟದ ಹೊತ್ತಿಗೆ ನೋಡಿದ್ದು ಅದೇ ಮೊದಲು. ನನಗೆ ಎರಡು ಉಂಡಿ ಹೆಚ್ಚು ಸಿಕ್ಕವು. ಉಂಡಾದ ಮೇಲೆ ತಾಟು ತೊಳೆಯಲು ಒಳಗೆ ಹೋದಾಗ ಅವ್ವ ಒಬ್ಬಳೇ ಕೂತು, ಸೆರಗಿನಡಿ ತಾಟಿಟ್ಟುಕೊಂಡು ಉಣ್ಣುತ್ತಿದ್ದಳು. ನನ್ನ ಕೈಯನ್ನೇ ನೋಡುತ್ತ ಕೇಳಿದಳು.

"ಖರೇ ಹೇಳು. ನೀನ ತಿರುವಿದ್ದೇನ?"

ಹೇಳಿದ್ದರೆ ನಂಬುತ್ತಿದ್ದವಳು ಅವಳೊಬ್ಬಳೇ. ಹಿಂದಿನಿಂದ ನೋಡಿ ಅಭ್ಯಾಸವಿದ್ದವಳು. ನನ್ನ ಬಾಯಲ್ಲಿ ಇನ್ನೂ ಉಂಡಿಯ ಬೆಲ್ಲ ಇತ್ತು.

"ಇಲ್ಲವಾ," ಎಂದೆ.

ಅವ್ವ ಮತ್ತೆ ತಾಟಿನ ಕಡೆ ತಿರುಗಿದಳು.

ಈ ಹುಡುಗಿಗೆ ಎದೆ ಐತಿ, ಕಲೀಲಿ ಎಂದು ಅಜ್ಜನೇ ಹಟ ಹಿಡಿದು ನನ್ನನ್ನು ಹುಕ್ಕೇರಿಯ ಸಾಲಿಗೆ ಹಾಕಿದ. ಓರಗೆಯ ಹುಡುಗಿಯರು ಯಾರೂ ನಾಲ್ಕನೆಯ ಇಯತ್ತೆ ದಾಟಲಿಲ್ಲ. ನಾನು ಮ್ಯಾಟ್ರಿಕ್ ಮುಗಿಸಿದೆ, ಕಾಲೇಜು ಮುಗಿಸಿದೆ, ಮಾಸ್ತರಿಣಿಯಾದೆ. ಬಂದವರ ಮುಂದೆಲ್ಲ ಅಜ್ಜ ಕಾಕಾನಿಗಾಗಿ ನಾನು ಹೇಳಿದ ಸುಳ್ಳಿನ ಕಥೆ ಹೇಳುತ್ತಿದ್ದ. ನಾನು ತಲೆ ತಗ್ಗಿಸಿ ಕೂತರೆ ನಾಚಿಕೆ ಸ್ವಭಾವ ಎಂದು ಮೆಚ್ಚುತ್ತಿದ್ದರು. ನನ್ನ ಒಳ್ಳೆಯ ಹೆಸರೆಲ್ಲ ಶುರುವಾದದ್ದು ಅಲ್ಲಿಂದ.

ಅಜ್ಜ ಹೋದ, ಅವ್ವ ಹೋದಳು. ದನದ ಮನೆಯಲ್ಲಿ ಈಗ ಕಾಕಾನ ಮೊಮ್ಮಕ್ಕಳ ಮೋಟಾರ್ ಸೈಕಲ್ಲುಗಳು ನಿಲ್ಲುತ್ತವೆ, ಗೋದಲಿಯಲ್ಲಿ ಉಳ್ಳಾಗಡ್ಡಿ ತುಂಬಿರುತ್ತಾರೆ. ನೌಕರಿ ಮುಗಿದ ವರ್ಷ ಪಂಚಮಿಗೆ ಹೋದಾಗ ಪಡಸಾಲೆಯಲ್ಲಿ ಕಾಕಾ ಮತ್ತು ನಾನು ಇಬ್ಬರೇ ಇದ್ದೆವು. ಇನ್ನು ಯಾರ ಅಂಜಿಕೆ ಎಂದು ಎಲ್ಲ ಹೇಳಿದೆ. ಬಿಸಿಲು, ಬೇವಿನ ಮರ, ಚಟಕಾರ, ಕಟಕ್. ಅವ್ವನ ಮುಂದೆ ಇಲ್ಲ ಎಂದದ್ದನ್ನೂ ಹೇಳಿದೆ. ಕಾಕಾ ಪ್ರೀತಿಯಿಂದ ಕೇಳಿಸಿಕೊಂಡ, ಹಲ್ಲಿಲ್ಲದ ಬಾಯಲ್ಲಿ ನಕ್ಕ.

"ಬಿಡ ನಮ್ಮವ್ವಾ, ಇನ್ನೂ ಅದನ್ನ ಹಿಡಕೊಂಡೀ? ನನಗ ನೆನಪೈತಿ. ಬರುವಾಗ ಹಳ್ಳದ ಏರಿನ್ಯಾಗ ಗಾಡಿ ನಿಂತ ಬಿಡ್ತು. ನೀ ನಿದ್ದಿ ಹತ್ತಿ ಬಿದ್ದಿದ್ದಿ. ಒಂದ ಸಲ, ಒಂದ ಸಲ ತಿರುವಿದ್ನಿ. ಅಪ್ಪನ ಮುಂದ ಇಲ್ಲಂದ್ನಿ, ಪಾಪ ಮುದುಕ. ಆ ಸುಳ್ಳಿನ ಸಂಕಟ ಇನ್ನೂ ಹೋಗಿಲ್ಲ ನೋಡು."

ಹಳ್ಳದಲ್ಲಿ ಗಾಡಿ ನಿಂತಿರಲಿಲ್ಲ. ನಾನು ನಿದ್ದೆ ಮಾಡಿರಲಿಲ್ಲ. ಹೇಗೆ ತಿರುವಿದೆ ಎಂದು ತೋರಿಸಲು ಅವನು ಮುಷ್ಟಿಯನ್ನು ಗಾಳಿಯಲ್ಲಿ ಬಿಗಿ ಹಿಡಿದ. ಐವತ್ತು ವರ್ಷ ಅವನು ನನ್ನ ತಪ್ಪನ್ನು ತನ್ನದೆಂದು ಹೊತ್ತು ನೊಂದಿದ್ದ, ನಾನು ಅವನ ಮುಂದೆ ಕೂತು ಅತ್ತೆ. ಅವನ ಮುಷ್ಟಿ ಎಡಕ್ಕೆ ತಿರುಗಿತು. ರಾಜ್ಯಾ ಸಾಯುವವರೆಗೂ ಅದರ ಬಾಲ, ನಾನು ತಿರುವಿದಂತೆ, ಬಲಕ್ಕೆ ಹೊರಳಿತ್ತು.